ಹಳೆ ಸಿನಿಮಾ ಬಳಗದ ಜಗಳ: ತಕರಾರು ಮಾಡುವವರನ್ನು ಬಿಟ್ಟುಬಿಡಬೇಕಾ?

ಪ್ರಶ್ನೆ: ಕಲಬುರಗಿಯಲ್ಲಿ ನಾವೊಂದಿಷ್ಟು ಜನ ಸೇರಿ ತಿಂಗಳಿಗೊಮ್ಮೆ ಹಳೆ ಸಿನಿಮಾ ಹಾಕಿ ನೋಡುತ್ತೇವೆ. ಬಾಡಿಗೆಗೆ ಸಣ್ಣ ಹಾಲ್, ಗೆಳೆಯರೊಬ್ಬರ ಪ್ರೊಜೆಕ್ಟರ್, ನಡುವೆ ಚಹಾ. ಈಗೀಗ ಬಳಗ ಎರಡು ಪಾಲಾಗಿದೆ. ಕೆಲವರಿಗೆ ಯಾವುದೂ ಸರಿ ಕಾಣುವುದಿಲ್ಲ. ಚಿತ್ರ ಅಗಲ ಆಗಿದೆ, ಹಾಡು ಹಾರಿಸಿದ್ದಾರೆ, ಬಣ್ಣ ಹಚ್ಚಿದ ಪ್ರತಿ ಯಾಕೆ ತಂದಿರಿ, ಬರೀ ರಾಜ್‌ಕುಮಾರ್ ಚಿತ್ರವೇ ಯಾಕೆ, ಹಿಂದಿ ಯಾಕಿಲ್ಲ, ಎಂಬತ್ತರ ದಶಕದ್ದು ಹಳೆಯದು ಹೇಗಾಯ್ತು ಅನ್ನುತ್ತಾರೆ. ಉಳಿದವರು ಅವರ ಮೇಲೆ ಹರಿಹಾಯುತ್ತಾರೆ. ಪುಕ್ಕಟೆ ತೋರಿಸ್ತಿದ್ದೇವೆ, ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬೇಡಿ ಅಂತಾರೆ. ಮುಂದೆ ‘ಕಸ್ತೂರಿ ನಿವಾಸ’ ಹಾಕೋಣ ಅಂದುಕೊಂಡಿದ್ದೇವೆ, ಅದಕ್ಕೂ ಈಗಲೇ ಜಗಳ. ತಕರಾರಿನವರನ್ನು ಬಿಟ್ಟು ನಡೆಸುವುದೇ ಒಳ್ಳೆಯದಾ?

ಉತ್ತರ:

ಬಿಡಬೇಡಿ. ಯಾರನ್ನೂ ಬಿಡಬೇಡಿ. ತಕರಾರು ಮಾಡುವವರು ಇಲ್ಲದ ಸಿನಿಮಾ ಬಳಗ ಒಂದೆರಡು ವರ್ಷದಲ್ಲಿ ಚಹಾ ಕುಡಿಯುವ ಬಳಗ ಆಗಿಬಿಡುತ್ತದೆ. ಬೆಂಬಲಿಸುವವರು ಇಲ್ಲದ ಬಳಗ ಅಷ್ಟು ದಿನವೂ ನಡೆಯುವುದಿಲ್ಲ, ಯಾಕಂದರೆ ಕುರ್ಚಿ ಹಾಕುವವರು, ಕೀಲಿ ತರುವವರು, ಹಾಲ್ ಬಾಡಿಗೆಗೆ ದುಡ್ಡು ಕೂಡಿಸುವವರು ಅವರೇ. ನಿಮಗೆ ಇಬ್ಬರೂ ಬೇಕು.

ನಿಮ್ಮ ಪತ್ರ ಓದಿದರೆ ಕಷ್ಟ ಬೇರೆ ಕಡೆ ಇದೆ ಅನಿಸುತ್ತದೆ. ನೀವು ಬರೆದ ತಕರಾರುಗಳೆಲ್ಲ ಒಂದೇ ಜಾತಿಯವಲ್ಲ. ಚಿತ್ರ ಅಗಲ ಆಗಿದೆ ಅನ್ನೋದು ನಿಮ್ಮ ಪ್ರೊಜೆಕ್ಟರಿನ ಮಾತು. ಹಾಡು ಇಲ್ಲ ಅನ್ನೋದು ನಿಮಗೆ ಸಿಕ್ಕ ಪ್ರತಿಯ ಮಾತು. ಬಣ್ಣ ಹಚ್ಚಿದ್ದು ಸಿನಿಮಾದ ಹಕ್ಕು ಇರುವವರ ತೀರ್ಮಾನ. ಯಾವ ಸಿನಿಮಾ, ಯಾವ ಭಾಷೆ, ಎಷ್ಟು ಹಳೆಯದು ಅನ್ನೋದು ಬಳಗವೇ ಕೂತು ಮಾಡಬೇಕಾದ ತೀರ್ಮಾನ. ಇಷ್ಟನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಿಮ್ಮ ತಲೆ ಮೇಲೆ ಹೇರಿದರೆ ನಿಮಗೆ ಸಿಟ್ಟು ಬರುತ್ತದೆ, ಸಹಜ. ನಿಮ್ಮ ಪರ ಇರುವವರು ಆ ಇಡೀ ಗಂಟನ್ನು ಕೃತಘ್ನತೆ ಅಂತ ಕರೆದು ಎಸೆದರೆ ಅದರೊಳಗೆ ಇದ್ದ ಸರಿಯಾದ ಮಾತೂ ಹೋಗುತ್ತದೆ. ಗಂಟು ಬಿಚ್ಚಿ ಒಂದೊಂದಾಗಿ ನೋಡೋಣ.

ಮೊದಲು ಚಿತ್ರದ ಅಗಲ. ಇದರಲ್ಲಿ ತಕರಾರಿನವರು ನೂರಕ್ಕೆ ನೂರು ಸರಿ, ಅವರಿಗೆ ಧನ್ಯವಾದ ಹೇಳಿ. ಐವತ್ತು, ಅರವತ್ತರ ದಶಕದ ಕಪ್ಪು ಬಿಳುಪು ಚಿತ್ರಗಳ ಚೌಕಟ್ಟು ಬಹುಮಟ್ಟಿಗೆ ಚೌಕದ ಹತ್ತಿರ. ಎತ್ತರ 1 ಇದ್ದರೆ ಅಗಲ 1.37. ಕನ್ನಡಕ್ಕೆ ಸಿನಿಮಾಸ್ಕೋಪ್, ಅಂದರೆ ತುಂಬ ಅಗಲದ ಚೌಕಟ್ಟು, ಬಂದದ್ದೇ 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದ ಜೊತೆಗೆ. ಇವತ್ತಿನ ಪ್ರೊಜೆಕ್ಟರ್, ಟಿವಿ ಹೆಚ್ಚಿನವು 16:9, ಅಂದರೆ ಎತ್ತರ 1ಕ್ಕೆ ಅಗಲ 1.78. ಹಳೆ ಚಿತ್ರವನ್ನು ಈ ಪರದೆಗೆ ಪೂರ್ತಿ ತುಂಬಿಸಬೇಕು ಅಂದರೆ ಎರಡೇ ದಾರಿ. ಒಂದು, ಎಳೆದು ಹಿಗ್ಗಿಸುವುದು. ಆಗ ಪ್ರತಿ ಮುಖವೂ ಶೇಕಡಾ 30ರಷ್ಟು ಅಗಲವಾಗುತ್ತದೆ, ತೆಳ್ಳಗಿನ ನಾಯಕಿ ದಪ್ಪ ಆಗುತ್ತಾಳೆ, ಕ್ಯಾಮೆರಾ ಮುಂದೆ ಕೂತವರ ಗಲ್ಲ ಹರಡಿಕೊಳ್ಳುತ್ತದೆ. ಇನ್ನೊಂದು, ಮೇಲೆ ಕೆಳಗೆ ಕತ್ತರಿಸುವುದು. ಆಗ ಚಿತ್ರದ ಶೇಕಡಾ 23ರಷ್ಟು ಹೋಗುತ್ತದೆ. ನೃತ್ಯದಲ್ಲಿ ಪಾದ ಕಾಣುವುದಿಲ್ಲ, ಪೌರಾಣಿಕ ಚಿತ್ರದಲ್ಲಿ ಕಿರೀಟದ ತುದಿ ಕಾಣುವುದಿಲ್ಲ. ಎರಡೂ ಆ ಕ್ಯಾಮೆರಾಮನ್‌ಗೆ ಮಾಡುವ ಅನ್ಯಾಯ.

ಸರಿಯಾಗಿದೆಯೋ ಇಲ್ಲವೋ ಅಂತ ವಾದ ಮಾಡುವ ಅಗತ್ಯವೇ ಇಲ್ಲ. ಚಿತ್ರದಲ್ಲಿ ಗೋಡೆ ಗಡಿಯಾರವೋ ಬಂಡಿಯ ಗಾಲಿಯೋ ನೇರವಾಗಿ ಎದುರಿಗೆ ಕಂಡಾಗ ಅಲ್ಲೇ ನಿಲ್ಲಿಸಿ. ಒಂದು ದಾರ ತಗೊಂಡು ಪರದೆಯ ಮೇಲೆ ಆ ಗಾಲಿಯನ್ನು ಅಡ್ಡಕ್ಕೆ ಅಳೆಯಿರಿ, ಆಮೇಲೆ ಉದ್ದಕ್ಕೆ ಅಳೆಯಿರಿ. ಎರಡೂ ಒಂದೇ ಬಂದರೆ ಸರಿ ಇದೆ. ಅಡ್ಡ ಜಾಸ್ತಿ ಬಂದರೆ ಪ್ರೊಜೆಕ್ಟರ್ ರಿಮೋಟಿನಲ್ಲಿ 4:3 ಅಂತ ಇರುವುದನ್ನು ಆರಿಸಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುತ್ತಿದ್ದರೆ ‘ಎ’ ಕೀ ಒತ್ತುತ್ತಾ ಹೋಗಿ, ಅಳತೆ ಬದಲಾಗುತ್ತಾ ಹೋಗುತ್ತದೆ, ಗಾಲಿ ದುಂಡಗಾದಾಗ ನಿಲ್ಲಿಸಿ. ಪರದೆಯ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯುತ್ತದೆ. ಉಳಿಯಲಿ, ಅದು ಉಳಿಯಲೇಬೇಕು. ಪರದೆ ತುಂಬಿಲ್ಲ ಅಂತ ಆಗ ಬೆಂಬಲಿಗರಲ್ಲೇ ಯಾರಾದರೂ ತಕರಾರು ತೆಗೆಯಬಹುದು, ಅವರಿಗೆ ಆ ದಾರ ತೋರಿಸಿ.

ಇನ್ನು ಹಾಡು ಹಾರಿಸಿದ್ದಾರೆ ಅನ್ನುವ ಮಾತು. ಇದು ನನಗೆ ತುಂಬ ಪ್ರೀತಿಯ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟಾಕೀಸಿನಲ್ಲಿ ನೋಡಿದವರು, ಅದೂ ಒಂದೇ ಚಿತ್ರವನ್ನು ಮೇಲಿಂದ ಮೇಲೆ ನೋಡಿದವರು, ಇಲ್ಲೊಂದು ದೃಶ್ಯ ಇತ್ತು ಅಂದರೆ ಅದನ್ನು ತಳ್ಳಿಹಾಕಬೇಡಿ. ನೆನಪು ಮೋಸ ಮಾಡಬಹುದು, ಎರಡು ಚಿತ್ರಗಳ ಹಾಡು ಒಂದಕ್ಕೊಂದು ಸೇರಿಕೊಳ್ಳಬಹುದು. ಆದರೆ ಪರೀಕ್ಷೆ ಮಾಡುವ ದಾರಿ ಇದೆ, ಅದು ಚಿತ್ರದ ತಲೆಯಲ್ಲೇ ಇದೆ. ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ ಬರುತ್ತದೆ ಅಲ್ವಾ, ಎಲ್ಲರೂ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿರುವಾಗ ಹೋಗಿಬಿಡುವ ಆ ಹಾಳೆ. ಅದರಲ್ಲಿ ಚಿತ್ರದ ಉದ್ದ ಬರೆದಿರುತ್ತದೆ. ಹಳೆಯವುಗಳಲ್ಲಿ ಅಡಿಯಲ್ಲಿ, ಆಮೇಲಿನವುಗಳಲ್ಲಿ ಮೀಟರಿನಲ್ಲಿ. ಎಷ್ಟು ರೀಲು ಅಂತಲೂ ಇರುತ್ತದೆ.

35 ಎಂಎಂ ಫಿಲಂನಲ್ಲಿ ಒಂದು ಅಡಿಗೆ 16 ಚೌಕಟ್ಟು, ಅಂದರೆ 16 ಬಿಡಿ ಚಿತ್ರ. ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಹಾಗಾಗಿ ನಿಮಿಷಕ್ಕೆ 90 ಅಡಿ. ಮೀಟರಿನಲ್ಲಾದರೆ 27.4. ಪ್ರಮಾಣಪತ್ರದಲ್ಲಿ 14,000 ಅಡಿ ಅಂತ ಇದೆ ಅಂದುಕೊಳ್ಳಿ. 90ರಿಂದ ಭಾಗಿಸಿ, ಹೆಚ್ಚುಕಡಿಮೆ 155 ನಿಮಿಷ. ನಿಮ್ಮ ಪ್ರತಿ 135 ನಿಮಿಷಕ್ಕೇ ಮುಗಿದರೆ ತಕರಾರಿನವರು ಹೇಳಿದ್ದು ಸರಿ, ಏನೋ ಹೋಗಿದೆ. ಒಂದು ಎಚ್ಚರಿಕೆ ಇದೆ. ಟಿವಿಗಾಗಿ, ವಿಸಿಡಿಗಾಗಿ ಮಾಡಿದ ಎಷ್ಟೋ ಪ್ರತಿಗಳಲ್ಲಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುತ್ತದೆ. ಆಗ ಒಂದು ಚೌಕಟ್ಟೂ ಹೋಗದೆಯೇ 155 ನಿಮಿಷದ್ದು 149ಕ್ಕೆ ಮುಗಿಯುತ್ತದೆ. ಅಷ್ಟು ವ್ಯತ್ಯಾಸಕ್ಕೆ ಕತ್ತರಿ ಹಾಕಿದ್ದಾರೆ ಅಂತ ಯಾರನ್ನೂ ದೂರಬೇಡಿ. ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಹುಡುಕಿ.

ಈ 25ರ ಓಟದಿಂದ ಇನ್ನೊಂದು ಆಗುತ್ತದೆ. ದನಿ ಏರುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಹೋಗುವ ದೂರ ಇದೆಯಲ್ಲ, ಅದರ ಮುಕ್ಕಾಲು ಪಾಲಿನ ಹತ್ತಿರ. ಕಿವಿ ಚೆನ್ನಾಗಿರುವವರಿಗೆ ಅದು ಗೊತ್ತಾಗಿಬಿಡುತ್ತದೆ. ಪಿ.ಬಿ. ಶ್ರೀನಿವಾಸ್ ದನಿ ಹೀಗಿರಲಿಲ್ಲ, ಇದು ಯಾಕೋ ತೆಳ್ಳಗೆ ಕೇಳಿಸ್ತಿದೆ ಅಂತ ಯಾರಾದರೂ ಅಂದರೆ, ಅವರಿಗೆ ವಯಸ್ಸಾಯ್ತು ಅನ್ನಬೇಡಿ. ನಮ್ಮ ಕಡೆ ಹಾಡು ಕೇಳಿ, ಭಜನೆ ಹಾಡಿ, ಪೇಟಿ ಹಿಡಿದು ಬೆಳೆದವರ ಕಿವಿ ಇಂಥದ್ದನ್ನು ಹಿಡಿಯುತ್ತದೆ. ಅವರು ತಪ್ಪು ಹುಡುಕಲು ಬಂದವರಲ್ಲ. ಅವರಿಗೆ ಆ ದನಿ ಅಷ್ಟು ಗೊತ್ತು, ಅಷ್ಟೇ.

ಇಲ್ಲಿವರೆಗೆ ತಕರಾರಿನವರ ಪರ ಮಾತಾಡಿದೆ. ಈಗ ಬೆಂಬಲಿಗರ ಪರ. ಗೀರು ಬಿದ್ದಿದೆ, ಮಸುಕಾಗಿದೆ, ಮಾತು ಅರ್ಧಕ್ಕೆ ನಿಂತು ಚಿತ್ರ ಜಿಗಿಯುತ್ತದೆ ಅಂತ ಪ್ರತಿ ಸಲ ಸಂಘಟಕರ ಮುಂದೆ ಗೊಣಗುವುದು ತಪ್ಪು. ಆ ಗೀರು ಬಿದ್ದದ್ದು ನಿಮ್ಮ ಹಾಲ್‌ನಲ್ಲಿ ಅಲ್ಲ. ಒಂದು ಪ್ರಿಂಟ್ ಊರೂರು ತಿರುಗಿದಾಗ ಪ್ರತಿ ರೀಲಿನ ತಲೆ ಮತ್ತು ಬಾಲ ಮೊದಲು ಸವೆಯುತ್ತದೆ. ಸಾವಿರ ಅಡಿಯ ಒಂದು ರೀಲು 11 ನಿಮಿಷ. ಫಿಲಂ ತುಂಡಾದರೆ ಆಪರೇಟರ್ ಹರಿದ ಚೌಕಟ್ಟುಗಳನ್ನು ತೆಗೆದು ಉಳಿದದ್ದನ್ನು ಅಂಟಿಸಬೇಕು. ಒಂದೂವರೆ ಅಡಿ ತೆಗೆದರೆ ಒಂದು ಸೆಕೆಂಡು ಹೋಯ್ತು. ಮುಂದಿನ ಊರಲ್ಲಿ ಅಂಟಿಸಿದ ಕಡೆಯೇ ಮತ್ತೆ ಹರಿದರೆ ಇನ್ನೊಂದಿಷ್ಟು. ಹೀಗೆ ಒಂದು ಮಾತಿನ ನಡುವಿನ ಎರಡು ಪದ ಹೋಗುತ್ತವೆ. ಅಂಥ ಪ್ರಿಂಟಿನಿಂದಲೇ ಎಷ್ಟೋ ಟಿವಿ ಪ್ರತಿಗಳು ಆಗಿವೆ. ನೆಗೆಟಿವ್ ಉಳಿದಿಲ್ಲದ ಕಡೆ ಬೇರೆ ದಾರಿಯೂ ಇರಲಿಲ್ಲ.

ಉಳಿಯದೇ ಹೋದದ್ದರ ಲೆಕ್ಕ ದೊಡ್ಡದು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಗೆ ಬಂತು, ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದ್ದು, ಕೊಲ್ಹಾಪುರದಲ್ಲಿ ಚಿತ್ರೀಕರಣ ಆದದ್ದು. ಇವತ್ತು ಅದರ ಪ್ರಿಂಟ್ ಇಲ್ಲ. ಆ ಕಾಲದ ಫಿಲಂ ನೈಟ್ರೇಟಿನದು, ಬೇಗ ಬೆಂಕಿ ಹಿಡಿಯುವಂಥದ್ದು. ಐವತ್ತರ ದಶಕದ ಶುರುವಿನಲ್ಲಿ ಅದನ್ನು ಬಿಟ್ಟು ಅಸಿಟೇಟಿಗೆ ಬಂದರು. ಅದಕ್ಕೂ ಒಂದು ರೋಗ. ಬಿಸಿಲು, ತೇವ ಹೆಚ್ಚಾದರೆ ಹುಳಿ ವಾಸನೆ ಬಿಡಲು ಶುರು ಮಾಡುತ್ತದೆ, ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಒಂದು ಡಬ್ಬಿಗೆ ಬಂದದ್ದು ಪಕ್ಕದ ಡಬ್ಬಿಗೂ ಹರಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಚಾವಣಿ ಕೆಳಗೆ ಇಟ್ಟ ಡಬ್ಬಿಗಳ ಗತಿ ಏನಾಗುತ್ತದೆ ನೀವೇ ಯೋಚಿಸಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಂದರೆ ಕನ್ನಡ ಮಾತಿನ ಚಿತ್ರ ಹುಟ್ಟಿ 30 ವರ್ಷ ಆದ ಮೇಲೆ. ಇಷ್ಟೆಲ್ಲ ದಾಟಿ ಒಂದು ಚಿತ್ರ ನಿಮ್ಮ ಪರದೆಗೆ ಬಂದಿದೆ ಅಂದರೆ ಗೀರುಗಳನ್ನು ಸಹಿಸಿಕೊಂಡು ನೋಡಬೇಕು. ಈ ವಿಷಯದಲ್ಲಿ ನಾನು ಬೆಂಬಲಿಗರ ಸಾಲಿನಲ್ಲೇ ಕೂರುತ್ತೇನೆ.

ಆದರೆ ಅವರು ಹೇಳುವ ಒಂದು ಮಾತನ್ನು ಮಾತ್ರ ಒಪ್ಪಲಾರೆ. ‘ಹಳೆ ಸಿನಿಮಾ ಅಂದ್ರೆ ಹೀಗೇ ಇರೋದು’ ಅನ್ನುತ್ತಾರಲ್ಲ, ಅದು. ಹಾಗಿರಲಿಲ್ಲ! ಬಿಡುಗಡೆಯಾದ ದಿನ ಹೊಸ ಪ್ರಿಂಟಿನಲ್ಲಿ ಆ ಚಿತ್ರಗಳು ಕಣ್ಣಿಗೆ ಕಟ್ಟುವ ಹಾಗೆ ಇದ್ದವು. 35 ಎಂಎಂ ನೆಗೆಟಿವ್‌ನಲ್ಲಿ ಇರುವ ವಿವರ ಇವತ್ತಿನ 4ಕೆ ಪರದೆಗೂ ಸಾಕಾಗುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ಕಪ್ಪು ಬಿಳುಪು. ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರು ಸೇರಿ ಸರಿಪಡಿಸಿದರು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಸುಕೇ ಹಳೆ ಚಿತ್ರದ ಗುಣ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟರೆ ಇಂಥ ಕೆಲಸಕ್ಕೆ ದುಡ್ಡು ಹಾಕುವವರು ಎಲ್ಲಿಂದ ಬರಬೇಕು? ಚೆನ್ನಾಗಿಲ್ಲ, ಚೆನ್ನಾಗಿರಬೇಕಿತ್ತು ಅಂತ ಕೇಳುವ ಜನ ಇದ್ದಾರೆ ಅಂತಲೇ ಇಂಥವು ಆಗುತ್ತವೆ.

ಬಣ್ಣದ ಜಗಳಕ್ಕೆ ಬರೋಣ. ನಿಮ್ಮ ಬಳಗದಲ್ಲಿ ಬಹುಶಃ ಇದೇ ಎಲ್ಲಕ್ಕಿಂತ ಬಿಸಿ. ‘ಕಸ್ತೂರಿ ನಿವಾಸ’ 1971ರಲ್ಲಿ ದೊರೈ-ಭಗವಾನ್ ಮಾಡಿದ ಕಪ್ಪು ಬಿಳುಪು ಚಿತ್ರ, 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಅದಕ್ಕೂ ಮುಂಚೆ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. ಹಿಂದಿಯಲ್ಲಿ ‘ಮುಘಲ್-ಎ-ಆಜಂ’ 2004ರಲ್ಲಿ, ತೆಲುಗಿನಲ್ಲಿ ‘ಮಾಯಾಬಜಾರ್’ 2010ರಲ್ಲಿ. ನನ್ನ ಅಭಿಪ್ರಾಯ ಕೇಳಿದರೆ ಕಪ್ಪು ಬಿಳುಪೇ ನೋಡಬೇಕು. ಹಟಕ್ಕೆ ಹೇಳ್ತಿಲ್ಲ. ಕಪ್ಪು ಬಿಳುಪಿನಲ್ಲಿ ತೆಗೆಯುವಾಗ ಮನುಷ್ಯನನ್ನು ಹಿಂದಿನ ಗೋಡೆಯಿಂದ ಬೇರೆ ಮಾಡಿ ತೋರಿಸಲು ಬಣ್ಣ ಇರುವುದಿಲ್ಲ, ಬೆಳಕೇ ಆ ಕೆಲಸ ಮಾಡಬೇಕು. ಅದಕ್ಕೇ ತಲೆಗೂದಲ ಹಿಂದಿನಿಂದ ಒಂದು ದೀಪ, ಭುಜದ ಅಂಚಿಗೆ ಒಂದು ಗೆರೆ ಬೆಳಕು, ಕೆನ್ನೆಯ ಒಂದು ಬದಿ ನೆರಳು. ಸೀರೆ ಆರಿಸುವಾಗಲೂ ಅದು ಎಷ್ಟು ಕಪ್ಪಗೆ ಎಷ್ಟು ಬೂದು ಕಾಣುತ್ತದೆ ಅಂತ ನೋಡುತ್ತಿದ್ದರು, ಕೆಂಪೋ ಹಸಿರೋ ಮುಖ್ಯ ಆಗಿರಲಿಲ್ಲ. ನಲವತ್ತೈವತ್ತು ವರ್ಷದ ಮೇಲೆ ಕಂಪ್ಯೂಟರಿನಲ್ಲಿ ಆ ಸೀರೆಗೆ ಒಂದು ಬಣ್ಣ ಊಹಿಸಿ ತುಂಬಿದಾಗ ಕಣ್ಣು ಸೀರೆಗೆ ಹೋಗುತ್ತದೆ, ಮುಖದ ಮೇಲಿನ ನೆರಳಿನ ಕೆಲಸ ತಪ್ಪಿಹೋಗುತ್ತದೆ. ಒಂದು ದುಃಖದ ದೃಶ್ಯವನ್ನು ಎರಡೂ ಪ್ರತಿಯಲ್ಲಿ ನೋಡಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಅದೇ ಹೇಳುತ್ತದೆ.

ಹಾಗಂತ ಬಣ್ಣದ ಪ್ರತಿ ಇಷ್ಟಪಡುವವರನ್ನು ರುಚಿ ಇಲ್ಲದವರು ಅಂತ ಬೈಯುವುದು ಸರಿಯಲ್ಲ. ಆ ಬಿಡುಗಡೆಗಳಿಂದ ಟಾಕೀಸಿಗೆ ಮತ್ತೆ ಜನ ಬಂದರು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ತಕರಾರಿನವರೂ ಆತುರ ಪಡಬಾರದು. ‘ಮುಘಲ್-ಎ-ಆಜಂ’ 1960ರಲ್ಲಿ ಬಂದಾಗಲೇ ಅದರ ಶೀಷ್ ಮಹಲ್ ಹಾಡು ಮತ್ತು ಕೊನೆಯ ರೀಲುಗಳು ಬಣ್ಣದಲ್ಲೇ ಇದ್ದವು, ಅವು ನಿಜವಾದ ಬಣ್ಣ. ಆ ಹಾಡು ಬಂದಾಗ ಇದೆಲ್ಲ ನಕಲಿ ಅಂತ ಎದ್ದು ಕೂಗಿದರೆ ಕೂಗಿದವರದೇ ತಪ್ಪಾಗುತ್ತದೆ. ‘ಮಾಯಾಬಜಾರ್’ ಬಣ್ಣದ ಪ್ರತಿಯಲ್ಲಿ ಬಣ್ಣಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಅದನ್ನು ಸ್ಕೋಪ್ ಅಳತೆಗೆ ತಂದರು, ಹಾಗೆ ತರಬೇಕಾದರೆ ಮೇಲೆ ಕೆಳಗೆ ಕತ್ತರಿಸಲೇಬೇಕು. ಅದರ ಬಗ್ಗೆ ಯಾರೂ ಜಗಳ ಆಡುವುದಿಲ್ಲ, ಎಲ್ಲರ ಸಿಟ್ಟೂ ಬಣ್ಣದ ಮೇಲೆ.

ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ಟೆಡ್ ಟರ್ನರ್ ಅನ್ನುವ ಉದ್ಯಮಿ ಹಳೆ ಹಾಲಿವುಡ್ ಚಿತ್ರಗಳ ದೊಡ್ಡ ರಾಶಿಯನ್ನೇ ಕೊಂಡು ಅವುಗಳಿಗೆ ಬಣ್ಣ ಹಚ್ಚಿಸಲು ಹೊರಟರು. ನಿರ್ದೇಶಕರು, ನಟರು, ಪ್ರೇಕ್ಷಕರು ಸಿಟ್ಟಿಗೆದ್ದರು. ಮಾತು ಅಲ್ಲಿನ ಸಂಸತ್ತಿಗೇ ಹೋಯಿತು, 1988ರಲ್ಲಿ ಹಳೆ ಚಿತ್ರಗಳ ರಕ್ಷಣೆಗೆ ಕಾನೂನು ಬಂತು. ಅದೇ ಟರ್ನರ್ 1994ರಲ್ಲಿ ಹಳೆ ಚಿತ್ರಗಳಿಗಾಗಿಯೇ ಒಂದು ಟಿವಿ ಚಾನೆಲ್ ಶುರು ಮಾಡಿದರು, ಜಾಹೀರಾತಿಲ್ಲದೆ, ಕತ್ತರಿಸದೆ ತೋರಿಸುವ ಚಾನೆಲ್. ಅದನ್ನು ನೋಡುವವರಲ್ಲೂ ನಿಮ್ಮ ಹಾಲ್‌ನಲ್ಲಿ ಆಗುವ ಜಗಳವೇ. ಹೊಸ ಚಿತ್ರ ಯಾಕೆ ಹಾಕ್ತೀರಿ, ಅದೇ ಚಿತ್ರ ಮತ್ತೆ ಮತ್ತೆ ಯಾಕೆ ಅಂತ ಒಂದು ಗುಂಪು. ಇಂಥ ಚಾನೆಲ್ ಇರುವುದೇ ಪುಣ್ಯ, ಸುಮ್ನಿರಿ ಅಂತ ಇನ್ನೊಂದು ಗುಂಪು. 2023ರ ಜೂನ್‌ನಲ್ಲಿ ಮಾಲೀಕ ಕಂಪನಿ ಆ ಚಾನೆಲ್ಲಿನ ಮುಖ್ಯರನ್ನು ಕೆಲಸದಿಂದ ತೆಗೆಯಲು ಹೊರಟಾಗ ಏನಾಯಿತು ನೋಡಿ. ಸ್ಪೀಲ್‌ಬರ್ಗ್, ಸ್ಕೋರ್ಸೆಸಿ, ಪಾಲ್ ಥಾಮಸ್ ಆಂಡರ್ಸನ್ ಕಂಪನಿಯ ಮುಖ್ಯಸ್ಥರ ಜೊತೆ ನೇರ ಮಾತಾಡಿದರು, ಪ್ರೇಕ್ಷಕರು ದನಿ ಎತ್ತಿದರು, ಚಿತ್ರಗಳನ್ನು ಆರಿಸುವ ಮುಖ್ಯ ವ್ಯಕ್ತಿ ಉಳಿದುಕೊಂಡರು. ಅವತ್ತು ತಕರಾರು ಮಾಡಿದವರೇ ಬೆಂಬಲಿಗರು. ಚಾನೆಲ್ಲನ್ನು ಪ್ರೀತಿಸುವವರು ಸುಮ್ಮನಿದ್ದಿದ್ದರೆ ಕಂಪನಿ ತನ್ನ ಪಾಡಿಗೆ ಮುಂದುವರಿಯುತ್ತಿತ್ತು.

ಇನ್ನು ಆಯ್ಕೆಯ ವಿಷಯ. ಎಂಬತ್ತರ ದಶಕದ್ದು ಹಳೆಯದಾ? ಇದಕ್ಕೆ ಎಲ್ಲರೂ ಒಪ್ಪುವ ಗೆರೆ ಎಲ್ಲೂ ಇಲ್ಲ. ಕಾಪಾಡಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಲು ಚಿತ್ರಕ್ಕೆ 10 ವರ್ಷ ಆಗಿದ್ದರೆ ಸಾಕು. ‘ನಾಗರಹಾವು’ 1972ರದು, ಅರ್ಧ ಶತಮಾನ ದಾಟಿದೆ, ಆದರೂ ಬಣ್ಣದ್ದು ಅಂತ ಅದನ್ನು ಹಳೆಯದು ಅನ್ನಲು ಮನಸ್ಸು ಬಾರದವರಿದ್ದಾರೆ. ನಿಮ್ಮಲ್ಲಿ ಮೂವತ್ತರ ಆಸುಪಾಸಿನವರು ಇದ್ದರೆ ಅವರಿಗೆ 1985 ಅಂದರೆ ಹುಟ್ಟುವ ಮುಂಚಿನ ಕಾಲ. ನೀವು ನಿಮ್ಮ ಬಳಗಕ್ಕೆ ಒಂದು ಗೆರೆ ಹಾಕಿಕೊಳ್ಳಿ, ಐವತ್ತು ವರ್ಷವೋ ನಲವತ್ತೋ, ಒಮ್ಮೆ ಹಾಕಿದ ಮೇಲೆ ಒಂದು ವರ್ಷ ಅದನ್ನು ಮುಟ್ಟಬೇಡಿ. ಪ್ರತಿ ತಿಂಗಳೂ ಅದೇ ಮಾತು ಬೇಡ.

ಭಾಷೆಯ ಬಗ್ಗೆ ಮಾತ್ರ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹಿಂದಿ ಯಾಕಿಲ್ಲ, ತೆಲುಗು ಯಾಕಿಲ್ಲ ಅಂತ ಕೇಳುವವರನ್ನು ಕನ್ನಡದ ವಿರೋಧಿಗಳು ಅನ್ನಬೇಡಿ. ಕಲಬುರಗಿ, ಬೀದರ್, ಯಾದಗಿರಿ 1956ರ ನವೆಂಬರ್ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಸಿನಿಮಾ ವ್ಯಾಪಾರದವರು ನಮ್ಮ ಜಿಲ್ಲೆಗಳನ್ನು ಅದಾದ ಮೇಲೂ ಬಹಳ ಕಾಲ ‘ನಿಜಾಂ’ ಏರಿಯಾದಲ್ಲೇ ಲೆಕ್ಕ ಹಿಡಿದರು. ಮೈಸೂರು, ಬೆಂಗಳೂರಿನವರು ಚಿಕ್ಕಂದಿನಲ್ಲಿ ನೋಡಿದ್ದು ಬೇರೆ, ನಮ್ಮ ಅಜ್ಜ, ಕಾಕಾಗಳು ನೋಡಿದ್ದು ಬೇರೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ, ಟಾಕೀಸಿನಲ್ಲಿ ಹಿಂದಿ ತೆಲುಗು ಎರಡೂ. ಅವರ ಪ್ರಾಯದ ಸಿನಿಮಾ ಅದೇ. ಇನ್ನೊಂದು ನೆನಪಿಸುತ್ತೇನೆ. ನಿಮ್ಮ ಊರಿನ ರಂಗಮಂದಿರಕ್ಕೆ ಯಾರ ಹೆಸರಿದೆ? ಡಾ. ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿ ಮುಂಬೈಗೆ ಹೋಗಿ ಹಾಲಿವುಡ್ ಚಿತ್ರಗಳಿಗೆ, ಹಿಂದಿ ಚಿತ್ರಗಳಿಗೆ ಪೋಸ್ಟರ್ ಬರೆದ ಚಿತ್ರಕಾರ. ಇಂಥ ಊರಿನ ಹಳೆ ಸಿನಿಮಾ ಬಳಗ ಒಂದೇ ಭಾಷೆಗೆ ಬಾಗಿಲು ತೆರೆದರೆ ನನಗೆ ಬೇಸರ ಆಗುತ್ತದೆ. ಹೆಚ್ಚು ಪಾಲು ಕನ್ನಡವೇ ಇರಲಿ, ಅದರಲ್ಲಿ ಎರಡು ಮಾತಿಲ್ಲ. ನಡುನಡುವೆ ಒಂದು ಹಿಂದಿ, ಒಂದು ತೆಲುಗು ಬರಲಿ.

ಬರೀ ರಾಜ್‌ಕುಮಾರ್ ಯಾಕೆ ಅನ್ನುವುದಕ್ಕೂ ಹೀಗೆಯೇ. ಅವರು ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ 1954ರದು, ಅಲ್ಲಿಂದ ಮುಂದೆ ಕನ್ನಡದ ಹಳೆ ಚಿತ್ರ ಅಂದರೆ ಅವರನ್ನು ಬಿಟ್ಟು ಹೋಗಲು ಆಗುವುದಿಲ್ಲ. ಆದರೆ ಅವರ ಚಿತ್ರಗಳಲ್ಲೇ ಎಷ್ಟು ಬಗೆ ಇದೆ! ‘ಸಂಧ್ಯಾರಾಗ’ ಹಾಕಿ ನೋಡಿ, 1966ರದು, ಅ.ನ.ಕೃ. ಕಾದಂಬರಿ ಆಧರಿಸಿದ್ದು, ಭೀಮಸೇನ ಜೋಶಿಯವರು ಹಾಡಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಕಿವಿಗೆ ಅದು ಹಬ್ಬ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ನಾಂದಿ’ಯಲ್ಲೂ ಅವರೇ, ಅದೂ ಬರಲಿ. ನಡುವೆ ಅವರಿಲ್ಲದ ಚಿತ್ರಗಳೂ ಬರಲಿ, ಪುಟ್ಟಣ್ಣನವರ ‘ಗೆಜ್ಜೆಪೂಜೆ’, 1970ರ ‘ಸಂಸ್ಕಾರ’.

ಆರು ತಿಂಗಳ ಪಟ್ಟಿಯನ್ನು ಮೊದಲೇ ಮಾಡಿ ಎಲ್ಲರಿಗೂ ಕೊಡಿ. ಪಟ್ಟಿಯಲ್ಲಿ ಎರಡು ಜಾಗ ತಕರಾರಿನವರಿಗೇ ಬಿಡಿ. ಆರಿಸುವವರೇ ಪ್ರತಿ ಹುಡುಕಬೇಕು, ಅವರೇ ಮೊದಲು ಬಂದು ಗಾಲಿ ದುಂಡಗಿದೆಯಾ ನೋಡಬೇಕು, ಅವರೇ ಎದ್ದು ನಿಂತು ಐದು ನಿಮಿಷ ಯಾಕೆ ಆರಿಸಿದೆ ಅಂತ ಹೇಳಬೇಕು. ಪ್ರತಿ ಹುಡುಕುವ ಕಷ್ಟ ಏನು ಅಂತ ಅವರಿಗೂ ಗೊತ್ತಾಗುತ್ತದೆ, ಅವರಿಗೆ ಎಷ್ಟು ಗೊತ್ತಿದೆ ಅಂತ ನಿಮಗೂ ಗೊತ್ತಾಗುತ್ತದೆ.

ಮಾತಿನ ರೀತಿಯ ಬಗ್ಗೆ ಎರಡೇ ವಿಷಯ. ಚಿತ್ರ ಓಡುವಾಗ ತಕರಾರು ಬೇಡ, ಅದು ಪಕ್ಕದವರ ಸಂಜೆಯನ್ನು ಕೆಡಿಸುತ್ತದೆ. ಮುಗಿದ ಮೇಲೆ ಮೊದಲು ಚಿತ್ರದ ಬಗ್ಗೆ ಮಾತಾಡಿ, ಆಮೇಲೆ ಪ್ರದರ್ಶನದ ಬಗ್ಗೆ. ಮತ್ತೆ, ಯಾವ ತಕರಾರೇ ಆಗಲಿ ಒಂದು ವಸ್ತುವಿನ ಹೆಸರು ಹೇಳಿ ಬರಬೇಕು. ಎರಡನೇ ಹಾಡಿನಲ್ಲಿ ದನಿಗೂ ತುಟಿಗೂ ಹೊಂದಲಿಲ್ಲ ಅಂದರೆ ಉತ್ತರ ಕೊಡಬಹುದು, ಸರಿ ಮಾಡಬಹುದು. ಏನೂ ಚೆನ್ನಾಗಿರಲ್ಲ ಬಿಡ್ರಿ ಅಂದರೆ ಏನು ಮಾಡಲಿಕ್ಕಾಗುತ್ತದೆ? ಕುರ್ಚಿ ಹೊತ್ತು ತಂದವರಿಗೆ ಆ ಮಾತು ಎದೆಗೆ ಚುಚ್ಚುತ್ತದೆ. ಬೆಂಬಲಿಗರ ಸಿಟ್ಟಿನ ಹಿಂದೆ ಇರುವುದು ಆ ನೋವು, ಅದನ್ನು ತಕರಾರಿನವರು ತಿಳಿದುಕೊಳ್ಳಬೇಕು. ಮನೆಗೆ ಹೋಗಿ ರಾತ್ರಿ ವಾಟ್ಸಾಪ್‌ನಲ್ಲಿ ಮುಂದುವರಿಸುವುದು ಮಾತ್ರ ಯಾರಿಗೂ ಬೇಡ.

‘ಕಸ್ತೂರಿ ನಿವಾಸ’ಕ್ಕೆ ನನ್ನ ಸಲಹೆ ಇದು. ಕಪ್ಪು ಬಿಳುಪು ಪ್ರತಿ ಹಾಕಿ. ಬಣ್ಣದ್ದು ಬೇಕು ಅನ್ನುವವರಿಗಾಗಿ, ಚಹಾ ಹೊತ್ತಿನಲ್ಲಿ ಆಗಲೇ ನೋಡಿದ ಒಂದು ದೃಶ್ಯವನ್ನು ಬಣ್ಣದಲ್ಲಿ ಮತ್ತೆ ತೋರಿಸಿ, ಯಾರಿಗೆ ಯಾವುದು ಇಷ್ಟ ಆಯ್ತು ಅಂತ ಕೇಳಿ. ಶುರುವಿನಲ್ಲಿ ನೀವೇ ಎದ್ದು ಇದು ಯಾವ ಪ್ರತಿ, ಎಲ್ಲಿಂದ ಬಂತು, ಎಷ್ಟು ನಿಮಿಷದ್ದು, ಏನೇನು ಕೊರತೆ ಇದೆ ಅಂತ ಹೇಳಿಬಿಡಿ. ಮೊದಲೇ ಹೇಳಿದ ಕೊರತೆಯ ಬಗ್ಗೆ ಆಮೇಲೆ ಯಾರೂ ಅಷ್ಟು ಜೋರಾಗಿ ಜಗಳ ಆಡುವುದಿಲ್ಲ.

ನೀವು ಕೇಳದ ಒಂದು ಮಾತು ಇದೆ, ಇಬ್ಬರೂ ಎತ್ತದ ತಕರಾರು. ಪುಕ್ಕಟೆ ತೋರಿಸ್ತೇವೆ ಅಂದ ಮಾತ್ರಕ್ಕೆ ಅನುಮತಿ ಬೇಡ ಅಂತಲ್ಲ. ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1964ರ ಚಿತ್ರಗಳ ಹಕ್ಕು 2024ರ ಕೊನೆಗೆ ಮುಗಿಯಿತು, ‘ಕಸ್ತೂರಿ ನಿವಾಸ’ದ್ದು 2031ರ ಕೊನೆವರೆಗೆ ಇದೆ. ಹಕ್ಕು ಇರುವವರಿಗೆ ಒಂದು ಪತ್ರ ಬರೆಯಿರಿ, ನಾವು ಇಷ್ಟು ಜನ, ಟಿಕೆಟ್ ಇಲ್ಲ, ಇಂಥ ದಿನ ತೋರಿಸಬೇಕು ಅಂತಿದ್ದೇವೆ ಅಂತ. ಕೇಳುವಾಗಲೇ ಒಳ್ಳೆ ಕಪ್ಪು ಬಿಳುಪು ಪ್ರತಿ ಅವರ ಹತ್ತಿರ ಇದೆಯಾ ಅಂತಲೂ ಕೇಳಿ. ಹಾಲ್ ಬುಕ್ ಮಾಡುವ ಮೊದಲೇ ಆ ಪತ್ರ ಹೋಗಲಿ.